ನೀಲಿ ಕೋಳಿಯ ಲೆಕ್ಕ

ಕೋಳಿಯೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ಹೊಳೆಯುವುದು ಎರಡೇ ವಿಷಯ: ಒಂದು ಮೊಟ್ಟೆ, ಇನ್ನೊಂದು ಮಾಂಸ. ಎರಡನ್ನೂ ಮುಟ್ಟದವರಿಗೆ ಅದು ಬೆಳಗಿನ ಜಾವದ ಒಂದು ಕೂಗು ಮಾತ್ರ. ಆದರೆ ಈ ಮೂರರ ಹಂಗೂ ಇಲ್ಲದೆ, ಗರಿಯ ಬಣ್ಣವೊಂದಕ್ಕಾಗಿಯೇ ಕೋಳಿ ಸಾಕುವ ಜನರೂ ಲೋಕದಲ್ಲಿದ್ದಾರೆ. ಗುಲಾಬಿ ಬೆಳೆಸುವವರಂತೆ, ಪಾರಿವಾಳ ಹಾರಿಸುವವರಂತೆ ಅವರದೂ ಒಂದು ಹವ್ಯಾಸ. ಹಿತ್ತಿಲಲ್ಲಿ ಎರಡು ಮೂರು ಗೂಡು, ಒಂದು ಹುಂಜ, ಏಳೆಂಟು ಹೇಂಟೆ, ಬಂಡವಾಳ ಇಷ್ಟೇ. ನೀಲಿ, ಬೂದಿ, ಚುಕ್ಕೆ, ಪಟ್ಟೆ ಎಂದು ಅಪರೂಪದ ಬಣ್ಣಗಳನ್ನು ತೆಗೆಯುವುದು, ಹೆಚ್ಚಾದ ಮರಿಗಳನ್ನೂ ಕಾವಿಗಿಡುವ ಮೊಟ್ಟೆಗಳನ್ನೂ ಮಾರಿ ಮೇವಿನ ಖರ್ಚನ್ನು ಸರಿದೂಗಿಸುವುದು ಅವರ ಕ್ರಮ. ಹೊರಗಿನಿಂದ ನೋಡಿದರೆ ಇದು ಬರಿಯ ಶೋಕಿ. ಒಳಹೊಕ್ಕು ನೋಡಿದರೆ ಇದರಲ್ಲಿ ಒಂದಿಷ್ಟು ಚರಿತ್ರೆಯಿದೆ, ಸಾಕಷ್ಟು ವಿಜ್ಞಾನವಿದೆ, ಕೊನೆಗೆ ಒಂದು ನೀತಿಯ ಪ್ರಶ್ನೆಯೂ ಇದೆ.

ಮೊದಲು ಬಣ್ಣದ ಮೂಲವನ್ನು ನೋಡೋಣ. ನಮ್ಮ ಸಾಕುಕೋಳಿಯ ಪೂರ್ವಜ ಆಗ್ನೇಯ ಏಷ್ಯ ಮತ್ತು ಉತ್ತರ ಭಾರತದ ಕಾಡುಗಳಲ್ಲಿ ಈಗಲೂ ಇರುವ ಕೆಂಪು ಕಾಡುಕೋಳಿ. ಅದರ ಹೇಂಟೆಯ ಮೈ ತರಗೆಲೆಯ ಬಣ್ಣದ್ದು. ಕಾವು ಕೂತಾಗ ವೈರಿಯ ಕಣ್ಣಿಗೆ ಬೀಳದಿರಲಿ ಎಂಬುದೇ ಅದರ ಉಪಯೋಗ. ಕಾಡಿನಲ್ಲಿ ಎಂದಾದರೊಮ್ಮೆ ಬಿಳಿಯದೋ ನೀಲಿಯದೋ ಮರಿ ಹುಟ್ಟಿದರೆ ಅದು ಬೇಗ ಹದ್ದಿನ ಪಾಲಾಗುತ್ತದೆ. ಮನುಷ್ಯನ ಅಂಗಳದಲ್ಲಿ ಹಾಗಲ್ಲ. ಕಾವಲಿರುವ ಕಡೆ ವಿಚಿತ್ರಕ್ಕೂ ಬದುಕಲು ಅವಕಾಶವುಂಟು; ಅಷ್ಟೇ ಅಲ್ಲ, ವಿಚಿತ್ರಕ್ಕೇ ಹೆಚ್ಚಿನ ಆದರ. ನಮ್ಮ ಪಶ್ಚಿಮ ಘಟ್ಟಗಳ ಬೂದು ಕಾಡುಕೋಳಿಗೂ ಈ ಕಥೆಯಲ್ಲಿ ಒಂದು ಪಾತ್ರವಿದೆ. ಲೋಕದ ಅನೇಕ ಸಾಕುಕೋಳಿಗಳ ಕಾಲಿನ ಹಳದಿ ಬಣ್ಣ ಕೆಂಪು ಕಾಡುಕೋಳಿಯಿಂದ ಬಂದುದಲ್ಲ, ಬೂದು ಕಾಡುಕೋಳಿಯೊಡನೆ ಎಂದೋ ಆದ ಕೂಟದಿಂದ ಬಂದುದು ಎಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಇಂದು ಆ ಹಕ್ಕಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿದೆ. ಹವ್ಯಾಸಿಗಳು ಅದರ ಗೊಡವೆಗೆ ಹೋಗುವಂತಿಲ್ಲ.

ಕೋಳಿಯ ಬಣ್ಣವನ್ನು ಗಮನಿಸುವುದು ನಮ್ಮವರಿಗೆ ಹೊಸದೇನೂ ಅಲ್ಲ. ತುಳುನಾಡಿನಲ್ಲಿ ಹುಂಜಗಳಿಗೆ ಬಣ್ಣಕ್ಕೊಂದು ಹೆಸರುಂಟು, ಬಿಳಿಯದು ಬೊಳ್ಳೆ. ಯಾವ ದಿನ ಯಾವ ಬಣ್ಣದ್ದಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗವೂ ಉಂಟು. ಆದರೆ ಅಲ್ಲಿ ಬಣ್ಣವೆಂಬುದು ಗುರುತು ಮತ್ತು ಶಕುನ. ಬಣ್ಣವನ್ನೇ ಗುರಿಯಾಗಿಟ್ಟುಕೊಂಡು ತಳಿ ತೆಗೆಯುವ ಹುಚ್ಚು ಪ್ರಬಲವಾದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಮತ್ತು ಅಮೆರಿಕಗಳಲ್ಲಿ.

1840ರ ದಶಕದಲ್ಲಿ ಚೀನಾದಿಂದ ಬಂದ ದೊಡ್ಡ ಮೈಯ, ಕಾಲಿಗೂ ಪುಕ್ಕವಿದ್ದ ಕೋಳಿಗಳು ವಿಕ್ಟೋರಿಯಾ ರಾಣಿಯ ಅರಮನೆಯನ್ನು ಸೇರಿದವು. ರಾಣಿಗೆ ಮೆಚ್ಚಾದದ್ದು ಪ್ರಜೆಗಳಿಗೂ ಮೆಚ್ಚಾಗದಿದ್ದೀತೆ? 1849ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಕೋಳಿಗಳ ಪ್ರದರ್ಶನ ನಡೆದಾಗ ಸಾವಿರಾರು ಜನ ನೆರೆದರು. ಬೆಲೆ ಏರಿತು, ವಕೀಲರು, ಪಾದ್ರಿಗಳು, ವ್ಯಾಪಾರಿಗಳು ಹಿತ್ತಿಲಲ್ಲಿ ಗೂಡು ಕಟ್ಟಿಸಿದರು. ಕೊಂಡವನು ತಾನು ಕೊಟ್ಟುದಕ್ಕಿಂತ ಹೆಚ್ಚು ಕೊಡುವ ಮತ್ತೊಬ್ಬ ಬಂದೇ ಬರುವನೆಂದು ನಂಬಿದನು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ಪತ್ರಕರ್ತ ಇವರೆಲ್ಲರಿಗಿಂತ ಜಾಣ. ತನ್ನ ಕೋಳಿಗಳನ್ನು ರಾಣಿಗೇ ಕಾಣಿಕೆಯಾಗಿ ಕಳುಹಿಸಿ, ಅದರ ಕೀರ್ತಿಯಿಂದ ಊರಲ್ಲಿ ವ್ಯಾಪಾರ ಬೆಳೆಸಿದನು. ಕೊಳ್ಳುವವರೆಲ್ಲ ಮಾರುವವರಾದ ಮೇಲೆ ಕೊಳ್ಳುವವರು ಉಳಿಯಲಿಲ್ಲ, ಬೆಲೆ ಕುಸಿಯಿತು. 1855ರಲ್ಲಿ ಅವನೇ ಈ 'ಕೋಳಿಜ್ವರ'ದ ಚರಿತ್ರೆಯನ್ನು ಹಾಸ್ಯವಾಗಿ ಬರೆದು ಪ್ರಕಟಿಸಿದನು. ಜ್ವರವೇನೋ ಇಳಿಯಿತು, ಆದರೆ ನಿಜವಾದ ಪ್ರೀತಿಯಿದ್ದ ಕೆಲವರು ಉಳಿದರು. ಯಾವ ತಳಿಗೆ ಯಾವ ಬಣ್ಣ, ಯಾವ ಜುಟ್ಟು, ಯಾವ ನಿಲುವು ಇರಬೇಕೆಂದು ನಿಗದಿ ಮಾಡಿದ ಲಕ್ಷಣಗ್ರಂಥ ಇಂಗ್ಲೆಂಡಿನಲ್ಲಿ 1865ರಲ್ಲಿ ಹೊರಬಂದಿತು; ಅಮೆರಿಕದ್ದು 1874ರಲ್ಲಿ.

ಲಕ್ಷಣವನ್ನು ಬರೆದಿಡುವುದು ಸುಲಭ, ಕೋಳಿಯು ಅದನ್ನು ಪಾಲಿಸಬೇಕಲ್ಲ! ಇದಕ್ಕೆ ಪ್ರಸಿದ್ಧ ನಿದರ್ಶನ ಆಂಡಲೂಸಿಯನ್ ಎಂಬ ನೀಲಿ ಕೋಳಿ. ನೀಲಿಯೆಂದರೆ ಆಕಾಶದ ನೀಲಿಯಲ್ಲ. ಮಳೆಗಾಲದ ಮೋಡದ, ಒದ್ದೆ ಸ್ಲೇಟಿನ ಬಣ್ಣ. ಪ್ರತಿ ಗರಿಯ ಅಂಚಿಗೂ ಕಪ್ಪು ಗೆರೆ ಎಳೆದಂತಿರುತ್ತದೆ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಆರಿಸಿ ಕೂಡಿಸಿದರೂ ಮರಿಗಳಲ್ಲಿ ಅರ್ಧದಷ್ಟು ಮಾತ್ರ ನೀಲಿ. ಉಳಿದುವುಗಳಲ್ಲಿ ಒಂದಿಷ್ಟು ಕಪ್ಪು, ಒಂದಿಷ್ಟು ಮಾಸಿದ ಬಿಳುಪಿನ ಮೇಲೆ ನೀಲಿ ಎರಚಿದಂಥವು. ರಕ್ತದಲ್ಲಿ ಕಲ್ಮಷ ಉಳಿದಿದೆಯೆಂದು ಬಗೆದು ಸಾಕುವವರು ಪೀಳಿಗೆಯಿಂದ ಪೀಳಿಗೆಗೆ ಆ ಕರಿಯ ಬಿಳಿಯ ಮರಿಗಳನ್ನು ಕಳೆಯುತ್ತಲೇ ಹೋದರು. ಎಷ್ಟು ಕಳೆದರೂ ಅವು ಮತ್ತೆ ಹುಟ್ಟುತ್ತಲೇ ಇದ್ದವು.

ಒಗಟು ಬಿಡಿಸಿದ್ದು 1900ರ ನಂತರ, ಮೆಂಡೆಲನ ಮರೆತುಹೋದ ಬಟಾಣಿ ಪ್ರಯೋಗಗಳು ಮತ್ತೆ ಬೆಳಕಿಗೆ ಬಂದಾಗ. ಕೇಂಬ್ರಿಜ್ಜಿನ ವಿಲಿಯಂ ಬೇಟ್ಸನ್ ಆ ನಿಯಮಗಳು ಪ್ರಾಣಿಗಳಿಗೂ ಸಲ್ಲುತ್ತವೆಂದು ತೋರಿಸಲು ಆರಿಸಿಕೊಂಡದ್ದು ಕೋಳಿಯನ್ನೇ. ಮರಿಯೊಂದು ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿಯನ್ನು ಪಡೆಯುತ್ತದೆ. ಕಪ್ಪನ್ನು ತೆಳುಮಾಡುವ ವಂಶವಾಹಿ ಒಂದೂ ಇಲ್ಲದಿದ್ದರೆ ಕೋಳಿ ಕಪ್ಪು, ಒಂದಿದ್ದರೆ ನೀಲಿ, ಎರಡಿದ್ದರೆ ಎರಚಲು ಬಣ್ಣ. ಆದ್ದರಿಂದ ನೀಲಿಯೆಂಬುದು ಒಂದು ನೆಲೆಯಲ್ಲ, ಎರಡು ನೆಲೆಗಳ ನಡುವಿನ ಹಾದಿ. ನೀಲಿಗೆ ನೀಲಿ ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕಪ್ಪು, ಎರಡು ನೀಲಿ, ಒಂದು ಎರಚಲು. ಇದು ಎಂದಿಗೂ ತಪ್ಪದ ಲೆಕ್ಕ. ಸ್ವಾರಸ್ಯವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಪ್ಪು ಕೋಳಿಗೆ ಎರಚಲು ಕೋಳಿಯನ್ನು ಕೂಡಿಸಿದರೆ ಹುಟ್ಟುವ ಮರಿಗಳೆಲ್ಲವೂ ನೀಲಿ! ಯಾವುದನ್ನು ಕಸವೆಂದು ಅಷ್ಟು ಕಾಲ ಎಸೆದಿದ್ದರೋ ಆ ಎರಡರ ಕೂಟದಲ್ಲೇ ಅವರ ಬಯಕೆಯ ಬಣ್ಣ ಪೂರ್ತಿಯಾಗಿ ಅಡಗಿತ್ತು.

ಎಲ್ಲ ಬಣ್ಣವೂ ಹೀಗೆ ನಡೆದುಕೊಳ್ಳುವುದಿಲ್ಲ. ನೋಡಲು ನೀಲಿಗೆ ಹತ್ತಿರವೇ ಆದ, ಲ್ಯಾವೆಂಡರ್ ಎಂಬ ತಿಳಿಬೂದಿ ಬಣ್ಣವಿದೆ. ಅದರ ವಂಶವಾಹಿ ಜೋಡಿಯಾಗಿದ್ದರೆ ಮಾತ್ರ ಹೊರಗೆ ಕಾಣುತ್ತದೆ. ಒಂಟಿಯಾಗಿದ್ದರೆ ಕಪ್ಪಿನ ಹಿಂದೆ ಅಡಗಿರುತ್ತದೆ. ಲ್ಯಾವೆಂಡರಿಗೆ ಲ್ಯಾವೆಂಡರ್ ಕೂಡಿದರೆ ಸಂತಾನವೆಲ್ಲ ಅದೇ ಬಣ್ಣ. ಆದರೆ ಬಹುಕಾಲ ತಮ್ಮತಮ್ಮಲ್ಲೇ ಕೂಡಿಸಿದರೆ ಕೆಲವು ಸಂತತಿಗಳಲ್ಲಿ ಗರಿ ಸಿಬಿರುಸಿಬಿರಾಗುತ್ತದೆ. ಆಗಾಗ ಕಪ್ಪಿನ ಸಂಬಂಧ ಬೆಳೆಸಲೇಬೇಕು. ಪಟ್ಟೆಯ ಬಣ್ಣದ ಸಂಗತಿ ಇನ್ನೊಂದು ಬಗೆ; ಅದು ಲಿಂಗದೊಡನೆ ಹೆಣೆದುಕೊಂಡಿದೆ. ಪಟ್ಟೆಯ ಹೇಂಟೆಗೆ ಪಟ್ಟೆಯಿಲ್ಲದ ಕೆಂಪು ಹುಂಜವನ್ನು ಕೂಡಿಸಿದರೆ, ಒಡೆದ ದಿನವೇ ಗಂಡುಮರಿಯ ನೆತ್ತಿಯಲ್ಲಿ ಬಿಳಿಯ ಬೊಟ್ಟು ಕಾಣುತ್ತದೆ, ಹೆಣ್ಣುಮರಿಗೆ ಅದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದ ಧಾನ್ಯದ ಅಭಾವದಲ್ಲಿ ಗಂಡುಮರಿಗಳಿಗೆ ಮೇವು ವ್ಯರ್ಥವಾಗದಿರಲೆಂದು, ಬಣ್ಣದಿಂದಲೇ ಮರಿಗಳನ್ನು ಬೇರ್ಪಡಿಸುವ ಉಪಾಯವನ್ನು ಬೇಟ್ಸನ್ನನ ಸಹಚರ ಪನೆಟ್ ಸೂಚಿಸಿದನು. ಹವ್ಯಾಸದ ಹಿತ್ತಿಲಿನಿಂದ ಹೊರಟ ಅರಿವು ಹೀಗೆ ಲೋಕದ ಊಟದ ತಟ್ಟೆಯನ್ನೂ ಮುಟ್ಟಿತು.

ಇನ್ನು ಆಚರಣೆಯ ಮಾತು. ಈ ಹವ್ಯಾಸಕ್ಕೆ ಬೇಕಾದ ಮುಖ್ಯ ಸಾಧನ ಗೂಡಲ್ಲ, ಒಂದು ದಿನಚರಿಯ ಪುಸ್ತಕ. ಯಾವ ಹುಂಜ, ಯಾವ ಹೇಂಟೆ, ಯಾವ ದಿನದ ಮೊಟ್ಟೆ ಎಂಬುದನ್ನು ಬರೆದಿಡದಿದ್ದರೆ ಲೆಕ್ಕವೆಲ್ಲ ಹಾಳು. ಹೇಂಟೆಯ ಒಡಲಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿರುತ್ತದೆ. ಆದ್ದರಿಂದ ಹುಂಜವನ್ನು ಬದಲಾಯಿಸಿದ ಮರುದಿನದ ಮೊಟ್ಟೆ ಹೊಸ ಹುಂಜದ್ದೆಂದು ನಂಬುವಂತಿಲ್ಲ. ಮೂರು ನಾಲ್ಕು ವಾರ ಕಾಯಬೇಕು. ಮೊಟ್ಟೆಯಿಟ್ಟ ಮೇಲೆ ಕಾವಿಗೆ ಇಪ್ಪತ್ತೊಂದು ದಿನ. ಮರಿಯ ತುಪ್ಪುಳಿನ ಬಣ್ಣವೇ ಬೇರೆ, ಬೆಳೆದ ಗರಿಯ ಬಣ್ಣವೇ ಬೇರೆ. ನಿಜ ರೂಪ ತಿಳಿಯಲು ನಾಲ್ಕೈದು ತಿಂಗಳಾದರೂ ಬೇಕು. ಹೊರಗಿನಿಂದ ತಂದ ಹಕ್ಕಿಯನ್ನು ಕೆಲವು ವಾರ ಬೇರೆಯೇ ಇರಿಸಬೇಕು. ಇಲ್ಲವಾದರೆ ರಾಣಿಖೇತ್ ರೋಗ ಒಂದು ವಾರದಲ್ಲಿ ಹಲವು ವರ್ಷಗಳ ಶ್ರಮವನ್ನು ಬರಿದು ಮಾಡಬಲ್ಲದು.

ಮಾರಾಟದಲ್ಲಿ ನೀತಿಯ ಪ್ರಶ್ನೆ ಏಳುತ್ತದೆ. 'ಇದು ಅಪ್ಪಟ ನೀಲಿ ಜೋಡಿ' ಎಂದು ಹೇಳಿ ಮಾರಿದವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲದಿರಬಹುದು. ಆದರೆ ಮರಿಗಳಲ್ಲಿ ಅರ್ಧ ಬೇರೆ ಬಣ್ಣದವು ಬರುತ್ತವೆಂಬುದನ್ನು ಅವನು ಹೇಳದಿದ್ದರೆ ಅದೂ ಮೋಸವೇ. ಅಡಗಿರುವ ಗುಣವನ್ನು ಕೊಳ್ಳುವವನ ಕಣ್ಣು ಕಾಣಲಾರದು. ಮಾರುವವನ ಪುಸ್ತಕ ಮಾತ್ರ ಕಾಣಬಲ್ಲದು. ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಮರಿಗಳಲ್ಲಿ ಅರ್ಧ ಗಂಡು. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮಿಕ್ಕವನ್ನು ಯಾರೂ ಕೊಳ್ಳರು. ಅವು ಅಡಿಗೆಮನೆಗೋ, ಸಂತೆಗೋ, ಸಾಯುವ ತನಕ ಹಿತ್ತಿಲಿಗೋ ಎಂಬುದನ್ನು ಕಾವಿಗಿಡುವ ಮುನ್ನವೇ ತೀರ್ಮಾನಿಸಬೇಕು. ಈ ಲೆಕ್ಕವನ್ನು ಎದುರಿಸಲಾರದವರು ಬಣ್ಣದ ಲೆಕ್ಕಕ್ಕೆ ಕೈಹಾಕದಿರುವುದು ಮೇಲು.

ಕೋಳಿಜ್ವರ ಹಳೆಯ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ತಮಿಳುನಾಡಿನಲ್ಲಿ ಈಮು ಹಕ್ಕಿಯನ್ನು ನಂಬಿ ಹಣ ಹೂಡಿದ ಸಾವಿರಾರು ಮಂದಿ 2012ರಲ್ಲಿ ಅದನ್ನು ಕಳೆದುಕೊಂಡರು. ಹಕ್ಕಿಗಿಂತ ಬೆಲೆಯನ್ನೇ ಹೆಚ್ಚು ಪ್ರೀತಿಸುವ ಕಡೆಯಲ್ಲೆಲ್ಲ ಆ ಜ್ವರ ಮರುಕಳಿಸುತ್ತದೆ. ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕ್‌ನಾಥ್ ಕೋಳಿಗೆ ಗರಿ, ಚರ್ಮ, ಮಾಂಸ, ಎಲುಬೂ ಕಪ್ಪು. ಅಲ್ಲಿನ ಆದಿವಾಸಿಗಳು ತಲೆತಲಾಂತರದಿಂದ ಅದನ್ನು ತಮ್ಮ ಅಂಗಳದಲ್ಲಿ ಉಳಿಸಿಕೊಂಡು ಬಂದುದರಿಂದಲೇ 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ದೊಡ್ಡ ದೊಡ್ಡ ಕೋಳಿಸಾಕಣೆಯ ಕೇಂದ್ರಗಳು ಮೊಟ್ಟೆಗೊಂದು, ಮಾಂಸಕ್ಕೊಂದು ಎಂದು ಕೆಲವೇ ತಳಿಗಳನ್ನು ಉಳಿಸಿಕೊಂಡಿರುವ ಈ ಕಾಲದಲ್ಲಿ, ಲಾಭದ ದೃಷ್ಟಿಗೆ ಬೇಡವಾದ ನೂರಾರು ಬಗೆಗಳು ಉಳಿಯುವುದು ಇಂಥ ಹಿತ್ತಿಲುಗಳಲ್ಲಿ ಮಾತ್ರ. ನಾಳೆ ಯಾವ ರೋಗಕ್ಕೆ ಯಾವ ತಳಿಯ ರಕ್ತ ಬೇಕಾಗುವುದೋ ಬಲ್ಲವರಾರು? ಇಂದು ನಿರುಪಯೋಗಿಯೆಂದು ತಳ್ಳಿದ ಕಪ್ಪು ಮರಿಯಲ್ಲಿಯೇ ನಾಳೆಯ ನೀಲಿಯ ಅರ್ಧ ಭಾಗ ಇರುತ್ತದೆ ಎಂಬ ಮಾತು ಕೋಳಿಯ ಬಣ್ಣಕ್ಕೆ ಮಾತ್ರ ಸಲ್ಲುವುದಲ್ಲ. ಹವ್ಯಾಸಿಯು ತನ್ನ ಗೂಡನ್ನೂ ಪುಸ್ತಕವನ್ನೂ ಒಂದೇ ಶ್ರದ್ಧೆಯಿಂದ ಕಾಯ್ದುಕೊಂಡರೆ, ಅವನ ಶೋಕಿಯು ಲೋಕದ ಉಗ್ರಾಣಕ್ಕೆ ಒಂದು ಕಾವಲಾಗಬಲ್ಲದು.