ಹಗಲನ್ನು ಇರುಳಾಗಿಸುವ ಲೆಕ್ಕ

ಹುಣ್ಣಿಮೆಯ ರಾತ್ರಿ ಬೀದಿದೀಪಗಳಿಂದ ದೂರ ಹೋಗಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಐಎಸ್‌ಒ 400, ಅಪರ್ಚರ್ ಎಫ್ 2.8 ಇಟ್ಟು 30 ಸೆಕೆಂಡು ಷಟರ್ ತೆರೆದಿಡಿ. ಬರುವ ಚಿತ್ರದಲ್ಲಿ ಹಸಿರು ಹುಲ್ಲು, ನೀಲಿ ಆಕಾಶ, ಮರದಡಿ ಗೆರೆ ಕೊರೆದಂಥ ನೆರಳು! ನಡುರಾತ್ರಿ ಎನ್ನಲು ನಾಲ್ಕು ನಕ್ಷತ್ರಗಳಷ್ಟೇ ಸಾಕ್ಷಿ. ಬೆಳದಿಂಗಳೆಂದರೆ ಚಂದ್ರನ ಮೈಗೆ ತಾಗಿ ಬಂದ ಬಿಸಿಲೇ ತಾನೆ. ಸುಮಾರು ನಾಲ್ಕು ಲಕ್ಷ ಪಟ್ಟು ಮಂಕು, ಅಷ್ಟೇ.

ಹಾಗಾದರೆ ರಾತ್ರಿ ನಮಗೆ ರಾತ್ರಿಯಂತೆ ಕಾಣುವುದೇಕೆ? ಕಣ್ಣು ಸೋಲುವುದರಿಂದ. ಬಣ್ಣ ಗುರುತಿಸುವ ಶಂಕುಕೋಶಗಳು ಮಂದ ಬೆಳಕಿನಲ್ಲಿ ಕೈಚೆಲ್ಲುತ್ತವೆ, ಬಣ್ಣವೇ ಗೊತ್ತಿಲ್ಲದ ದಂಡಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ. ಮೊದಲು ಮಾಯವಾಗುವುದು ಕೆಂಪು. ಮುಸ್ಸಂಜೆಯಲ್ಲಿ ಹಿತ್ತಲ ಕೆಂಪು ದಾಸವಾಳ ಕಪ್ಪಗಾಗಿ, ಅದರ ಎಲೆಯೇ ಹೂವಿಗಿಂತ ಬೆಳ್ಳಗೆ ಕಾಣುವುದು ಇದರಿಂದಲೇ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿದ ಜೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಈ ಪರಿಣಾಮಕ್ಕಿದೆ. ಸಿನಿಮಾದವರು ನಕಲು ಮಾಡುವುದು ರಾತ್ರಿಯನ್ನಲ್ಲ, ಕಣ್ಣಿನ ಈ ಸೋಲನ್ನು.

ಸಿನಿಮಾಕ್ಕೆ 30 ಸೆಕೆಂಡು ಕಾಯುವ ಭಾಗ್ಯವಿಲ್ಲ. ಸೆಕೆಂಡಿಗೆ 24 ಚೌಕಟ್ಟು, ಒಂದೊಂದಕ್ಕೂ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಪಾಲು ಬೆಳಕು. ಹಳೆಯ ಫಿಲ್ಮಿಗೆ ಬೆಳದಿಂಗಳು ತಾಗುತ್ತಲೇ ಇರಲಿಲ್ಲ. ಕಾಡು, ಬಯಲುಗಳನ್ನು ದೀಪದಿಂದ ತುಂಬಿಸಲು ಜನರೇಟರ್ ಹೊತ್ತೊಯ್ಯುವುದು ದುಬಾರಿ. ಆದ್ದರಿಂದ ಹಗಲಲ್ಲೇ ರಾತ್ರಿ ತೆಗೆಯುವ ‘ಡೇ ಫಾರ್ ನೈಟ್’ ಹುಟ್ಟಿಕೊಂಡಿತು. ಫ್ರೆಂಚರು ಇದನ್ನು ‘ಅಮೆರಿಕನ್ ರಾತ್ರಿ’ ಎನ್ನುತ್ತಾರೆ. ನಿರ್ದೇಶಕ ತ್ರುಫೊ 1973ರಲ್ಲಿ ಆ ಹೆಸರಿನದೇ ಚಿತ್ರ ಮಾಡಿದ.

ಮಾಡುವುದು ಹೀಗೆ. ಕಪ್ಪು-ಬಿಳುಪಿನಲ್ಲಿ ಲೆನ್ಸಿನ ಮುಂದೆ ಕೆಂಪು ಫಿಲ್ಟರ್. ಅದು ನೀಲಿಯನ್ನು ತಡೆದು ಆಕಾಶವನ್ನು ಕಪ್ಪಾಗಿಸುತ್ತದೆ. ಬಣ್ಣದಲ್ಲಿ ಆ ಉಪಾಯ ನಡೆಯದು. ಅಲ್ಲಿ ಬಲ್ಬಿನ ಬೆಳಕಿಗೆಂದು ತಯಾರಾದ ಫಿಲ್ಮನ್ನು ಕಿತ್ತಳೆ ಫಿಲ್ಟರ್ ಇಲ್ಲದೆ ಬಿಸಿಲಿಗೆ ಒಡ್ಡಿದರೆ ಎಲ್ಲವೂ ನೀಲಿಗಟ್ಟುತ್ತದೆ. ಜೊತೆಗೆ ಅಪರ್ಚರನ್ನು ಎರಡು ಸ್ಟಾಪಿನಷ್ಟು ಕಿರಿದು ಮಾಡಿದರೆ ಬೆಳಕು ಕಾಲುಪಾಲಿಗೆ ಇಳಿಯುತ್ತದೆ. ಸೂರ್ಯ ಪಾತ್ರದ ಬೆನ್ನ ಹಿಂದಿರಬೇಕು: ಕೂದಲಿಗೆ, ಹೆಗಲಿಗೆ ಬೆಳ್ಳಿಯಂಚು, ಮುಖಕ್ಕೆ ಕತ್ತಲು. ಆಕಾಶ ಆದಷ್ಟೂ ಚೌಕಟ್ಟಿನ ಹೊರಗಿರಬೇಕು. ಕೆಡುವುದು ಇಲ್ಲೇ. ಮೋಡವೊಂದು ಬೆಳ್ಳಗೆ ಇಣುಕಿತೋ, ಕಾರಿನ ಹೆಡ್‌ಲೈಟ್ ಉರಿದೂ ರಸ್ತೆಗೆ ಬೆಳಕು ಬೀಳಲಿಲ್ಲವೋ, ಗುಟ್ಟು ರಟ್ಟು. ಕಿಟಕಿಯೊಳಗಿನ ದೀಪ ಬಿಸಿಲನ್ನು ಮೀರಿಸುವಷ್ಟು ಪ್ರಖರವಾಗಿರಬೇಕು. ಕಂದೀಲು ಹಿಡಿಸಿದರೆ ಸಾಲದು.

ಇದಕ್ಕೆ ತಿರುಗುಮುರುಗಾದ ಕೆಲಸ ಮಾಡಿದವರು ಮೈಸೂರಿನ ವಿ.ಕೆ. ಮೂರ್ತಿ. ‘ಕಾಗಜ್ ಕೆ ಫೂಲ್’ಗಾಗಿ (1959) ಕತ್ತಲ ಸ್ಟುಡಿಯೋದೊಳಕ್ಕೆ ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ತಂದು, ಒಂದು ಕೋಲಿನಂತೆ ಇಳಿಬಿಟ್ಟರು. ಆ ಕೋಲು ಇಲ್ಲದಿದ್ದರೆ ಸುತ್ತಲಿನ ಕತ್ತಲು ಬರೀ ಕಪ್ಪು ಬಟ್ಟೆ. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಹಗಲನ್ನು ಇರುಳಾಗಿಸುವ ಕೆಲಸ ಈಗ ಕಂಪ್ಯೂಟರಿಗೆ ದಾಟಿದೆ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ತಂಡ ಹಳೆಯ ನಿಯಮವನ್ನೇ ಉಲ್ಟಾ ಹೊಡೆಯಿತು: ನಮೀಬಿಯಾದ ಮರಳುಗಾಡಿನಲ್ಲಿ ಬಿಸಿಲನ್ನು ಬೇಕೆಂದೇ ಅತಿಯಾಗಿ ಸೆರೆಹಿಡಿದು, ಆಮೇಲೆ ಬಣ್ಣ ತಿದ್ದುವಾಗ ಕತ್ತಲಿಗೆ ಇಳಿಸಿತು. ಹೀಗೆ ಮಾಡಿದರೆ ನೆರಳಿನೊಳಗಿನ ವಿವರ ಉಳಿಯುತ್ತದೆ, ಎಷ್ಟು ಅಳಿಸಬೇಕೆಂದು ನಂತರ ತೀರ್ಮಾನಿಸಬಹುದು.

ಮೂಕಿ ಕಾಲದಲ್ಲಿ ಇಷ್ಟೊಂದು ಪಾಡಿರಲಿಲ್ಲ. ಹಗಲಲ್ಲೇ ತೆಗೆದು ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದಿದರೆ ಪ್ರೇಕ್ಷಕರು ರಾತ್ರಿಯೆಂದು ಒಪ್ಪುತ್ತಿದ್ದರು. ಮುರ್ನೌನ ‘ನೊಸ್ಫೆರಾಟು’ (1922) ಹಾಗೆ ಬಂದ ಚಿತ್ರ. ಮುಂದೆ ಬಣ್ಣವಿಲ್ಲದ ಪ್ರತಿಗಳೇ ಹೆಚ್ಚು ಓಡಾಡಿದವು. ಸೂರ್ಯ ತಾಗಿದರೆ ಸಾಯಬೇಕಾದ ಆ ರಕ್ತಪಿಶಾಚಿ, ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಹಾಡುಹಗಲೇ ಊರ ಬೀದಿಯಲ್ಲಿ ನಡೆಯುವುದನ್ನು ಜನ ದಶಕಗಳ ಕಾಲ ನೋಡಿದರು.