ಪರವಾನಗಿ ಕೈಗೆ ಬಂದರೆ ಉದ್ಯೋಗ ಕೈಗೆ ಬಂದಂತೆಯೇ?

ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಲ್ಲಿ ಹಿಂದೆ ಎರಡೇ ಪ್ರಶ್ನೆಗಳು ಚರ್ಚೆಗೆ ಬರುತ್ತಿದ್ದವು: ಹುಡುಗನನ್ನು ಇಂಜಿನಿಯರಿಂಗ್‌ಗೆ ಸೇರಿಸುವುದೋ, ಹುಡುಗಿಯನ್ನು ನರ್ಸಿಂಗ್‌ಗೆ ಕಳುಹಿಸುವುದೋ. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: "ಪೈಲಟ್ ಮಾಡಿಸಿದರೆ ಹೇಗೆ?" ಬೆಂಗಳೂರಿಗೆ ಸಮೀಪವಿರುವ ನಮ್ಮ ತಾಲ್ಲೂಕುಗಳಲ್ಲಿ ಭೂಮಿಗೆ ಬೆಲೆ ಬಂದಿದೆ. ಹಿಪ್ಪುನೇರಳೆ ತೋಟದ ಒಂದು ಭಾಗವನ್ನು ಮಾರಿದರೆ ಅಥವಾ ಅಡವಿಟ್ಟರೆ ತರಬೇತಿಯ ಹಣ ಹೊಂದೀತು ಎಂಬ ಲೆಕ್ಕಾಚಾರ ಅನೇಕ ಕುಟುಂಬಗಳಿಗೆ ಎಟುಕದ ಮಾತೇನಲ್ಲ. ಆದುದರಿಂದಲೇ ಈ ಪ್ರಶ್ನೆಯನ್ನು ನಿಧಾನವಾಗಿ, ವಿವೇಚನೆಯಿಂದ ಪರಿಶೀಲಿಸುವುದು ಅಗತ್ಯ. ತಲೆಮಾರುಗಳಿಂದ ಉಳಿದು ಬಂದ ಭೂಮಿ ಒಮ್ಮೆ ಕೈಬಿಟ್ಟರೆ ಮರಳಿ ಬರುವುದು ದುಸ್ತರ.

ರೇಷ್ಮೆಯಿಂದ ರೆಕ್ಕೆಗೆ

ವಿಮಾನಯಾನವು ಸಾಮಾನ್ಯ ಜನರ ಆಸೆಯ ಪರಿಧಿಗೆ ಬಂದುದು ಅಗ್ಗದ ದರದ ವಿಮಾನ ಸಂಸ್ಥೆಗಳಿಂದ. ಆ ಪ್ರಯೋಗಕ್ಕೆ ಭಾರತದಲ್ಲಿ ನಾಂದಿ ಹಾಡಿದವರು ಕನ್ನಡಿಗರೇ ಆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಹಾಸನ ಜಿಲ್ಲೆಯ ಗೊರೂರಿನವರಾದ ಅವರು ಸೇನೆಯಿಂದ ನಿವೃತ್ತರಾಗಿ ಬೇಸಾಯಕ್ಕಿಳಿದರು. ರಾಸಾಯನಿಕಗಳ ಹಂಗಿಲ್ಲದೆ ರೇಷ್ಮೆ ಬೆಳೆಯುವ ಅವರ ಪ್ರಯತ್ನಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಗೂಡಿನ ಮಾರುಕಟ್ಟೆಯಿಂದಲೇ ಹೆಸರಾದ ರಾಮನಗರದ ಜನರಿಗೆ ಈ ಸಂಗತಿ ವಿಶೇಷ ಆಪ್ತವೆನಿಸೀತು. ಮೊದಲು ಹೆಲಿಕಾಪ್ಟರ್ ಸೇವೆಯನ್ನು ನಡೆಸಿದ ಅವರು 2003ರ ಆಗಸ್ಟ್ ತಿಂಗಳಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದರು. ಬೆಂಗಳೂರು-ಹುಬ್ಬಳ್ಳಿ ನಡುವೆ ಚಿಕ್ಕ ಎ.ಟಿ.ಆರ್. ವಿಮಾನದಿಂದ ಅದರ ಪಯಣ ತೊಡಗಿತು. ಆರ್.ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನೇ ಅದರ ಲಾಂಛನ. ಒಂದು ರೂಪಾಯಿಯ ಟಿಕೆಟ್ಟನ್ನೂ ಅದು ಮಾರಿತು.

ಈ ಕಥೆಯ ಉತ್ತರಾರ್ಧವನ್ನೂ ಪಾಲಕರು ಅರಿತಿರಬೇಕು. 2007ರಲ್ಲಿ ಕಿಂಗ್‌ಫಿಷರ್ ಸಂಸ್ಥೆ ಏರ್ ಡೆಕ್ಕನ್‌ನಲ್ಲಿ ಪಾಲು ಖರೀದಿಸಿತು. ಮರುವರ್ಷ ಅದರ ಹೆಸರೂ ಬದಲಾಯಿತು. 2012ರ ಅಕ್ಟೋಬರ್‌ನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದ ಸಿಬ್ಬಂದಿಯ ಮುಷ್ಕರದ ನಡುವೆ, ಕಿಂಗ್‌ಫಿಷರ್‌ನ ಹಾರಾಟವೇ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಅದೇ ದಾರಿ ಹಿಡಿದವು. ಆ ದಿನಗಳಲ್ಲಿ ಸಾವಿರಾರು ಗಂಟೆ ಹಾರಾಡಿದ ಅನುಭವಿ ಪೈಲಟ್‌ಗಳು ಒಮ್ಮೆಲೇ ಉದ್ಯೋಗ ಮಾರುಕಟ್ಟೆಗೆ ಬಂದರು. ಅಂತಹವರ ಮುಂದೆ ಹೊಸ ಹುಡುಗನ ಅರ್ಜಿ ಹಿಂದೆ ಸರಿಯುವುದು ಸಹಜ.

ನಾಣ್ಯದ ಮತ್ತೊಂದು ಮುಖವೂ ಇದೆ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ, 2024ರ ಜನವರಿಯಲ್ಲಿ ಆಕಾಸ ಏರ್ 150 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಆದರೆ ಈ ವಿಮಾನಗಳು ಬರುವುದು ಹಲವಾರು ವರ್ಷಗಳ ಅವಧಿಯಲ್ಲಿ, ಕಂತುಕಂತಾಗಿ. ಪೈಲಟ್‌ಗಳ ಅಗತ್ಯ ಇದೆ ಎಂಬುದು ನಿಜ. ನಮ್ಮ ಮಗ ತರಬೇತಿ ಮುಗಿಸಿದ ತಿಂಗಳಿನಲ್ಲಿಯೇ ಆ ಅಗತ್ಯ ಇರುತ್ತದೆ ಎಂಬುದು ಮಾತ್ರ ಖಚಿತವಲ್ಲ.

ಪರವಾನಗಿಯ ಮೆಟ್ಟಿಲುಗಳು

ವಾಣಿಜ್ಯ ಪೈಲಟ್ ಪರವಾನಗಿಯನ್ನು ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಇದುವರೆಗಿನ ನಿಯಮದಂತೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತಗಳಲ್ಲಿ ತೇರ್ಗಡೆಯಾಗಿರಬೇಕು. ವಾಣಿಜ್ಯ ವಿಭಾಗದಲ್ಲಿ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬರೆದುಕೊಂಡ ಉದಾಹರಣೆಗಳುಂಟು. ವಿಮಾನ ಮಾರ್ಗದರ್ಶನ, ಹವಾಮಾನ ಶಾಸ್ತ್ರ, ವಾಯುಯಾನ ನಿಯಮಗಳು ಮತ್ತು ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಪ್ರತಿಯೊಂದರಲ್ಲಿಯೂ ನೂರಕ್ಕೆ 70 ಅಂಕ ಗಳಿಸಬೇಕು. ರೇಡಿಯೋ ಸಂಭಾಷಣೆಯ ಪರವಾನಗಿಯೂ ಪ್ರತ್ಯೇಕವಾಗಿ ಬೇಕು.

ಇವೆಲ್ಲದರ ಜೊತೆಗೆ 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆಗಳಾದರೂ ತಾನೇ ಪ್ರಧಾನ ಚಾಲಕನಾಗಿ ಹಾರಿರಬೇಕು. ರಾತ್ರಿ ಹಾರಾಟ, ಕೇವಲ ಉಪಕರಣಗಳನ್ನು ನೋಡಿ ನಡೆಸುವ ಹಾರಾಟ, ಊರಿಂದೂರಿಗೆ ದೂರ ಪ್ರಯಾಣ, ಇವುಗಳಿಗೂ ನಿಗದಿತ ಗಂಟೆಗಳುಂಟು. ವಿದೇಶದಲ್ಲಿ ಪರವಾನಗಿ ಪಡೆದು ಬಂದವರೂ ಇಲ್ಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಅದನ್ನು ಭಾರತದ ಪರವಾನಗಿಯನ್ನಾಗಿ ಪರಿವರ್ತಿಸಿಕೊಳ್ಳಲೇಬೇಕು.

ತರಬೇತಿ ಎಲ್ಲಿ ಪಡೆಯಬೇಕು? ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಸ್ಥಾಪನೆಯಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಅಲ್ಲಿ ನಡುವೆ ಹಲವು ಕಾಲ ಪಾಠ ನಿಂತದ್ದೂ ಉಂಟು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಖಾಸಗಿ ಶಾಲೆಗಳು ಅನೇಕ. 2025ರಲ್ಲಿ ಡಿ.ಜಿ.ಸಿ.ಎ. ತರಬೇತಿ ಶಾಲೆಗಳಿಗೆ ದರ್ಜೆ ನೀಡುವ ಕ್ರಮವನ್ನು ಆರಂಭಿಸಿತು. ಶುಲ್ಕ ಕಟ್ಟುವ ಮುನ್ನ ಶಾಲೆಯ ದರ್ಜೆಯನ್ನೂ, ಹಾರಲು ಯೋಗ್ಯವಾದ ವಿಮಾನಗಳು ಎಷ್ಟಿವೆ, ಕಳೆದ ವರ್ಷ ಸೇರಿದವರು ಈವರೆಗೆ ಎಷ್ಟು ಗಂಟೆ ಹಾರಿದ್ದಾರೆ ಎಂಬುದನ್ನೂ ವಿಚಾರಿಸಿರಿ. ಬಣ್ಣದ ಕರಪತ್ರವನ್ನು ನೋಡುವ ಬದಲು ಅಲ್ಲಿ ಕಲಿಯುತ್ತಿರುವ ನಾಲ್ಕು ಮಕ್ಕಳನ್ನು ಮಾತನಾಡಿಸುವುದು ಲೇಸು.

ಯೋಗ್ಯತೆ ಬೇರೆ, ನೇಮಕ ಬೇರೆ

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸಾಧ್ಯತೆಯನ್ನೂ ಸಿದ್ಧಿಯನ್ನೂ ಪ್ರತ್ಯೇಕಿಸಿ ಹೇಳುತ್ತಾನೆ. ಬೀಜದಲ್ಲಿ ಮರವಾಗುವ ಸಾಧ್ಯತೆಯಿದೆ, ಆದರೆ ಬೀಜವು ಮರವಲ್ಲ. ಮಣ್ಣು, ನೀರು, ಕಾಲ ಕೂಡಿಬಂದಾಗ ಮಾತ್ರ ಅದು ಮರವಾಗುತ್ತದೆ. ವಾಣಿಜ್ಯ ಪೈಲಟ್ ಪರವಾನಗಿ ಅಂತಹದೊಂದು ಬೀಜ. ಅನೇಕ ಪಾಲಕರು ಅದನ್ನೇ ಮರವೆಂದು ಭಾವಿಸಿ ನೆರಳನ್ನು ನಿರೀಕ್ಷಿಸುತ್ತಾರೆ. ಸಂಕಟ ಆರಂಭವಾಗುವುದು ಅಲ್ಲಿಂದ.

ಅಗ್ಗದ ದರದ ಸಂಸ್ಥೆಗಳು ಹೇಗೆ ನಡೆಯುತ್ತವೆ ಎಂಬುದನ್ನು ತಿಳಿದರೆ ನೇಮಕದ ರೀತಿಯೂ ಅರ್ಥವಾಗುತ್ತದೆ. ಅವು ಸಾಧ್ಯವಾದಷ್ಟು ಒಂದೇ ಜಾತಿಯ ವಿಮಾನಗಳನ್ನು ಇಟ್ಟುಕೊಳ್ಳುತ್ತವೆ. ಇಳಿದ ವಿಮಾನವನ್ನು ಅರ್ಧ ಗಂಟೆಯಷ್ಟರಲ್ಲಿ ಮತ್ತೆ ಮೇಲೇರಿಸುತ್ತವೆ. ಖರ್ಚಿನ ಪ್ರತಿಯೊಂದು ಬಾಬನ್ನೂ ಹಿಡಿತದಲ್ಲಿಡುತ್ತವೆ. ಹೊಸ ಪೈಲಟ್‌ನ ತರಬೇತಿಯ ವೆಚ್ಚವೂ ಒಂದು ಬಾಬು. ಅದು ಬಹುಮಟ್ಟಿಗೆ ಅಭ್ಯರ್ಥಿಯ ಹೆಗಲಿಗೇ ಬೀಳುತ್ತದೆ. ಚಿಕ್ಕ ವಿಮಾನದಲ್ಲಿ ಕಲಿತವನು ಏರ್‌ಬಸ್ 320ರಂತಹ ನಿರ್ದಿಷ್ಟ ವಿಮಾನವನ್ನು ನಡೆಸಲು 'ಟೈಪ್ ರೇಟಿಂಗ್' ಎಂಬ ಮತ್ತೊಂದು ತರಬೇತಿ ಪಡೆಯಬೇಕು.

ನೇಮಕದಲ್ಲಿ ಸಾಮಾನ್ಯವಾಗಿ ನಾಲ್ಕು ಹಂತಗಳು: ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆ, ಗಣಕಯಂತ್ರದ ಮೇಲೆ ಮನೋಸಾಮರ್ಥ್ಯದ ಪರೀಕ್ಷೆ, ಸಿಮ್ಯುಲೇಟರ್‌ನಲ್ಲಿ ಹಾರಾಟದ ಪರೀಕ್ಷೆ ಮತ್ತು ಸಂದರ್ಶನ. ಒಂದೇ ಕಾಲಕ್ಕೆ ಎರಡು ಮೂರು ಕೆಲಸಗಳನ್ನು ಗಾಬರಿಯಿಲ್ಲದೆ ನಿರ್ವಹಿಸಬಲ್ಲನೇ, ಜೊತೆಗಾರನ ಮಾತಿಗೆ ಕಿವಿಗೊಡುವನೇ, ತಿಳಿಯದುದನ್ನು ತಿಳಿಯದೆಂದು ಒಪ್ಪುವನೇ ಎಂಬುದನ್ನು ಅಲ್ಲಿ ಪರೀಕ್ಷಿಸುತ್ತಾರೆ. ಆಯ್ಕೆಯಾದವನು ಮೊದಲು ಸಹ ಪೈಲಟ್. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಪರವಾನಗಿಗೆ ಒಟ್ಟು 1500 ಗಂಟೆಗಳ ಹಾರಾಟ ಅವಶ್ಯ.

ಮತ್ತೊಂದು ದಾರಿ 'ಕೆಡೆಟ್ ಪೈಲಟ್' ಯೋಜನೆ. ಇಲ್ಲಿ ಸಂಸ್ಥೆ ಮೊದಲು ಆಯ್ಕೆ ಮಾಡಿ, ಆಮೇಲೆ ತನ್ನ ಗೊತ್ತುಪಡಿಸಿದ ಶಾಲೆಯಲ್ಲಿ ತರಬೇತಿ ಕೊಡಿಸುತ್ತದೆ. ವೆಚ್ಚ ಒಂದು ಕೋಟಿ ರೂಪಾಯಿಯ ಆಸುಪಾಸು. ಉದ್ಯೋಗದ ಭರವಸೆ ಇಲ್ಲಿ ಹೆಚ್ಚು. ಆದರೂ ಕರಾರಿನ ಪತ್ರದಲ್ಲಿ 'ಸಂಸ್ಥೆಯ ಅಗತ್ಯಕ್ಕೆ ಒಳಪಟ್ಟು' ಎಂಬ ಅರ್ಥದ ಮಾತಿದೆಯೇ ಎಂದು ನೋಡಿಕೊಳ್ಳಬೇಕು. ಪರಿಚಿತ ವಕೀಲರೊಬ್ಬರಿಗೆ ಪತ್ರವನ್ನು ಓದಿಸದೆ ರುಜು ಹಾಕುವುದು ಬೇಡ.

ಸಾಲದ ಲೆಕ್ಕ

ಸಾಮಾನ್ಯ ಮಾರ್ಗದಲ್ಲಿ ಪರವಾನಗಿಗೆ ಸುಮಾರು 40ರಿಂದ 60 ಲಕ್ಷ ರೂಪಾಯಿ, ಟೈಪ್ ರೇಟಿಂಗ್‌ಗೆ ಸುಮಾರು 15ರಿಂದ 25 ಲಕ್ಷ ರೂಪಾಯಿ ತಗಲುತ್ತದೆ. ಏಳೂವರೆ ಲಕ್ಷಕ್ಕೆ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಉದಾಹರಣೆಗೆ, 60 ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 11ರ ಬಡ್ಡಿಯಲ್ಲಿ ತಂದರೆಂದು ಭಾವಿಸೋಣ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 82 ಸಾವಿರ ರೂಪಾಯಿ ಕಂತು ಕಟ್ಟಬೇಕು. ಉದ್ಯೋಗ ಸಿಗದೆ ಕಾಯುವ ಪ್ರತಿಯೊಂದು ತಿಂಗಳೂ ಬಡ್ಡಿಯೇ 55 ಸಾವಿರ ರೂಪಾಯಿ. ಕಾಯುವ ಕಾಲ ಎರಡು ವರ್ಷವಾದರೆ ಬಡ್ಡಿಯೊಂದೇ 13 ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಆ ಅವಧಿಯಲ್ಲಿ ಹಾರಾಟದ ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವ ಖರ್ಚು ಬೇರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಕ್ಕಳ ಆಸೆಗೆ ಅಡ್ಡಗೋಡೆಯಾಗಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಒಬ್ಬ ಮಗನ ರೆಕ್ಕೆಗಾಗಿ ತಂಗಿಯ ಓದು, ತಂದೆ ತಾಯಿಯರ ವೃದ್ಧಾಪ್ಯ, ಇರುವ ಒಂದೇ ಮನೆ, ಈ ಮೂರೂ ಒತ್ತೆ ಬೀಳುವುದಾದರೆ, ಆ ನಿರ್ಧಾರವನ್ನು ಇಡೀ ಕುಟುಂಬ ಕುಳಿತು ಮಾಡಬೇಕು ಎಂಬುದಷ್ಟೇ ನಮ್ಮ ಮಾತು.

ಪ್ರಾಮಾಣಿಕತೆ ಮತ್ತು ವಿಶ್ರಾಂತಿ

2011ರಲ್ಲಿ ನಕಲಿ ಅಂಕಪಟ್ಟಿಗಳನ್ನು ತೋರಿಸಿ ಪರವಾನಗಿ ಪಡೆದಿದ್ದ ಕೆಲವು ಪೈಲಟ್‌ಗಳು ಬಂಧಿತರಾದರು. ಹಾರದ ಗಂಟೆಗಳನ್ನು ಹಾರಿದಂತೆ ದಾಖಲೆ ಪುಸ್ತಕದಲ್ಲಿ ಬರೆಸಿಕೊಂಡ ಪ್ರಕರಣಗಳೂ ಆಗ ಹೊರಬಂದವು. ಸಾಲದ ಒತ್ತಡ ಮತ್ತು ಅವಸರ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯಬಲ್ಲವು ಎಂಬುದಕ್ಕೆ ಇದು ಎಚ್ಚರಿಕೆ. ಏರ್‌ಬಸ್ 320ರಲ್ಲಿ ಪೈಲಟ್‌ನ ಹಿಂದೆ ಸುಮಾರು 180 ಜನ ಕುಳಿತಿರುತ್ತಾರೆ. ಸುಳ್ಳು ಗಂಟೆಯ ಬೆಲೆಯನ್ನು ತೆರಬೇಕಾದವರು ಅವರು.

ಈ ವೃತ್ತಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಕ್ರಿಸ್‌ಮಸ್ ರಾತ್ರಿ ಮಗ ಅಥವಾ ಮಗಳು ಮನೆಯಲ್ಲಿರುವರೆಂಬ ಖಾತ್ರಿಯಿಲ್ಲ. ಪೈಲಟ್‌ಗಳ ದಣಿವನ್ನು ತಗ್ಗಿಸಲು ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮಗಳು 2025ರಲ್ಲಿ ಹಂತಹಂತವಾಗಿ ಜಾರಿಗೆ ಬಂದವು. ಅವುಗಳಿಗೆ ತಕ್ಕಂತೆ ಸಿಬ್ಬಂದಿಯನ್ನು ಹೊಂದಿಸಲಾಗದೆ ಆ ವರ್ಷದ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದುದನ್ನು ಓದುಗರು ಬಲ್ಲರು. ದಣಿದ ದೇಹಕ್ಕೆ ವಿರಾಮ ಬೇಕೆಂಬ ಹಳೆಯ ಸತ್ಯವನ್ನು ಅತ್ಯಾಧುನಿಕ ಯಂತ್ರವೂ ಅಲ್ಲಗಳೆಯಲಾರದು.

ಪಾಲಕರಿಗೆ ನಾಲ್ಕು ಮಾತು

ಮೊದಲನೆಯದಾಗಿ, ಶುಲ್ಕಕ್ಕಿಂತ ಮುಂಚೆ ವೈದ್ಯಕೀಯ ಪರೀಕ್ಷೆ. ಎರಡನೆಯ ದರ್ಜೆಯ ಪರೀಕ್ಷೆ ಮಾತ್ರ ಸಾಲದು. ವಾಣಿಜ್ಯ ಪೈಲಟ್‌ಗೆ ಬೇಕಾದ ಒಂದನೆಯ ದರ್ಜೆಯ ಪರೀಕ್ಷೆಯನ್ನೂ ಮುಗಿಸಿರಿ. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಅದು ನಡೆಯುತ್ತದೆ. ಕನ್ನಡಕ ಅಡ್ಡಿಯಲ್ಲ, ಬಣ್ಣಗಳನ್ನು ಗುರುತಿಸಲಾಗದ ದೋಷ ಅಡ್ಡಿಯಾಗಬಹುದು. 20 ಲಕ್ಷ ರೂಪಾಯಿ ಕಟ್ಟಿದ ಮೇಲೆ ಇದು ತಿಳಿದರೆ ಪ್ರಯೋಜನವೇನು?

ಎರಡನೆಯದಾಗಿ, ಲಿಖಿತ ಪರೀಕ್ಷೆಗಳನ್ನು ಮೊದಲೇ ಬರೆಸಿರಿ. ಅದಕ್ಕೆ ತಗಲುವ ಖರ್ಚು ಹಾರಾಟದ ಖರ್ಚಿಗೆ ಹೋಲಿಸಿದರೆ ಅಲ್ಪ. ಮಗುವಿನ ಆಸಕ್ತಿ ಗಟ್ಟಿಯಾದುದೋ ಕ್ಷಣಿಕವೋ ಎಂಬುದನ್ನು ಅದು ತೋರಿಸುತ್ತದೆ.

ಮೂರನೆಯದಾಗಿ, ಪರ್ಯಾಯವಾಗಿ ಒಂದು ಪದವಿ ಇರಲಿ. ವಿಮಾನ ಸಂಸ್ಥೆ ಮುಚ್ಚಿದ ದಿನ, ಅಥವಾ ಕಿವಿಯದೋ ಹೃದಯದ್ದೋ ಚಿಕ್ಕ ದೋಷವೊಂದು ಪರವಾನಗಿಯನ್ನು ತಡೆದ ದಿನ, ಆ ಪದವಿ ಊಟ ನೀಡೀತು.

ನಾಲ್ಕನೆಯದಾಗಿ, ಇದು ಗಂಡುಮಕ್ಕಳ ವೃತ್ತಿಯೆಂದು ತಿಳಿಯಬೇಡಿರಿ. ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಮಹಿಳೆಯರು. ಜಗತ್ತಿನ ಸರಾಸರಿಗಿಂತ ಇದು ಬಹಳ ಹೆಚ್ಚು. ಗಣಿತದಲ್ಲಿ ಚುರುಕಾದ ಮಗಳ ಮುಂದೆಯೂ ಈ ದಾರಿಯನ್ನು ತೆರೆದಿಡಿ.

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಅವರ ವಂಶದವರು ಆಳಿದ ಮಾಗಡಿ ನಮ್ಮದೇ ನೆಲ. ಆ ನಿಲ್ದಾಣದಿಂದ ಮೇಲೇರುವ ವಿಮಾನಗಳನ್ನು ಇಲ್ಲಿಯ ಮಕ್ಕಳೂ ನಡೆಸಲಿ. ಆದರೆ ಜಾಹೀರಾತನ್ನು ನಂಬಿ ತೋಟದ ಪತ್ರವನ್ನು ಬ್ಯಾಂಕಿಗೆ ಒಯ್ಯುವ ಮುನ್ನ ವೈದ್ಯರ ಪ್ರಮಾಣಪತ್ರ, ಪರೀಕ್ಷೆಯ ಅಂಕಪಟ್ಟಿ, ಶಾಲೆಯ ದರ್ಜೆ, ಸಾಲದ ಕಂತು, ಈ ನಾಲ್ಕನ್ನೂ ಮೇಜಿನ ಮೇಲಿಟ್ಟು ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಮಾತನಾಡಿರಿ. ಮಗನಿಗೂ ಮಗಳಿಗೂ ಆ ಲೆಕ್ಕವನ್ನು ತೋರಿಸಿರಿ. ವಿಮಾನ ನಡೆಸಬೇಕೆನ್ನುವ ವಯಸ್ಸಿಗೆ ಬಂದವರು ಮನೆಯ ಲೆಕ್ಕವನ್ನು ಅರಿಯಬಾರದಷ್ಟು ಚಿಕ್ಕವರೇನಲ್ಲ.