ಬಿದ್ದ ಮರದೊಳಗಿನ ಬಾಳು

ಮಳೆಗಾಲದ ಸಂಜೆ ದೀಪ ಹಚ್ಚಿದೊಡನೆ ಮನೆಯೊಳಕ್ಕೆ ನುಗ್ಗುವ ಹುಳುಹುಪ್ಪಟೆಗಳ ನಡುವೆ ಒಂದು ವಿಚಿತ್ರ ಆಕೃತಿ ಒಮ್ಮೊಮ್ಮೆ ಕಾಣಿಸಿಕೊಳ್ಳುವುದುಂಟು. ಮೈ ಕಡ್ಡಿಯಂತೆ ಸಣ್ಣದು. ಕಾಲುಗಳು ಮೈಗಿಂತ ಎಷ್ಟೋ ಉದ್ದ. ಹಾರಾಟದಲ್ಲಿ ಗುರಿಯೂ ಇಲ್ಲ, ವೇಗವೂ ಇಲ್ಲ. ಗೋಡೆಯನ್ನು ತಡವರಿಸುತ್ತ ಮೇಲಕ್ಕೂ ಕೆಳಕ್ಕೂ ತೇಲಾಡುವ ಅದನ್ನು ಕಂಡವರು ‘ಅಬ್ಬಾ, ಎಂತಹ ದೊಡ್ಡ ಸೊಳ್ಳೆ!’ ಎಂದು ಗಾಬರಿಗೊಂಡು ಪೊರಕೆಯನ್ನೆತ್ತುತ್ತಾರೆ. ಆ ಬಡಪ್ರಾಣಿ ಸೊಳ್ಳೆಯಲ್ಲ, ಕಚ್ಚುವುದಿಲ್ಲ, ಕಚ್ಚಬೇಕೆಂದರೂ ಚರ್ಮವನ್ನು ಚುಚ್ಚುವ ಸಾಧನವೇ ಅದರ ಬಾಯಲ್ಲಿಲ್ಲ. ರೆಕ್ಕೆ ಮೂಡಿದ ಮೇಲೆ ಅದು ಬದುಕುವುದು ಕೆಲವೇ ದಿನ. ಆ ಅಲ್ಪಾವಧಿಯಲ್ಲಿ ಒಂದಿಷ್ಟು ನೀರನ್ನೋ ಹೂವಿನ ರಸವನ್ನೋ ಹೀರುತ್ತದೆ. ಕೆಲವು ಬಗೆಗಳು ಅದನ್ನೂ ಮುಟ್ಟುವುದಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಕ್ರೇನ್ ಫ್ಲೈ ಎಂದು ಹೆಸರು. ಸಾರಸ ಪಕ್ಷಿಯ ಕಾಲಿನಂತೆ ಕಾಲು ನೀಳವಾಗಿರುವುದರಿಂದ ಈ ಹೆಸರು ಬಂದಿತು. ನಾವು ಈ ಲೇಖನದಲ್ಲಿ ಅದನ್ನು ‘ಉದ್ದಗಾಲು ನೊಣ’ ಎಂದು ಕರೆಯೋಣ. ಈ ನೊಣದ ಬಂಧುಗಳಲ್ಲಿ ಕೆಲವು ತಮ್ಮ ಬಾಲ್ಯವನ್ನೆಲ್ಲ ಕೊಳೆತ ಮರದೊಳಗೆ ಕಳೆಯುತ್ತವೆ. ಅಲ್ಲಿ ಅವು ಏನು ಮಾಡುತ್ತವೆ, ಆ ಕೆಲಸದಿಂದ ನೆಲಕ್ಕೇನು ಲಾಭ, ಬೀದರಿನಂತಹ ಒಣ ಸೀಮೆಯಲ್ಲಿ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತರುಣ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ದೊಡ್ಡದೊಂದು ವಂಶ

ಮನೆನೊಣ, ಸೊಳ್ಳೆ, ಉದ್ದಗಾಲು ನೊಣ ಇವೆಲ್ಲವೂ ಎರಡೇ ರೆಕ್ಕೆಗಳುಳ್ಳ ಕೀಟಗಳ ಗಣಕ್ಕೆ ಸೇರಿದವು. ಉಳಿದ ಕೀಟಗಳಲ್ಲಿ ಹಿಂದಿನ ಜೊತೆ ರೆಕ್ಕೆ ಇರಬೇಕಾದ ಸ್ಥಾನದಲ್ಲಿ ಇವಕ್ಕೆ ಗುಂಡುಸೂಜಿಯಂತಹ ಎರಡು ಚಿಕ್ಕ ಅವಯವಗಳಿವೆ. ಹಾರುವಾಗ ಅವು ವೇಗವಾಗಿ ಕಂಪಿಸುತ್ತ ದೇಹದ ಸಮತೋಲವನ್ನು ಕಾಯುತ್ತವೆ. ಮನೆನೊಣದಲ್ಲಿ ಇವನ್ನು ನೋಡಲು ಭೂತಗನ್ನಡಿ ಬೇಕು. ದೊಡ್ಡ ಜಾತಿಯ ಉದ್ದಗಾಲು ನೊಣದಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಅದರ ಎದೆಯ ಬೆನ್ನಭಾಗದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಗೆರೆಯೊಂದಿದೆ. ಇದು ಆ ವಂಶದ ಗುರುತು. ಕಾಲುಗಳು ಎಷ್ಟು ಸಡಿಲವೆಂದರೆ ಹಲ್ಲಿಯೋ ಹಕ್ಕಿಯೋ ಒಂದನ್ನು ಹಿಡಿದರೆ ನೊಣ ಆ ಕಾಲನ್ನು ಅಲ್ಲಿಯೇ ಬಿಟ್ಟು ಪಾರಾಗುತ್ತದೆ. ಹೋದ ಕಾಲು ಮರಳಿ ಬೆಳೆಯುವುದಿಲ್ಲ, ಜೀವ ಉಳಿಯುತ್ತದೆ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ನೊಣಗಳಿಗೆ ಟಿಪುಲಾ ಎಂಬ ಕುಲನಾಮವನ್ನಿತ್ತನು. ಇಂದು ಜಗತ್ತಿನಲ್ಲಿ ಇವುಗಳ 15,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಭಾರತದ ಪ್ರಭೇದಗಳನ್ನು ಕ್ರಮವಾಗಿ ವರ್ಣಿಸಿದವರಲ್ಲಿ ಎನ್ರಿಕೊ ಬ್ರುನೆಟ್ಟಿ ಮೊದಲಿಗರು. ವೃತ್ತಿಯಿಂದ ಸಂಗೀತಗಾರರಾಗಿ ಕಲ್ಕತ್ತೆಯಲ್ಲಿ ನೆಲಸಿದ್ದ ಇವರು 1912ರಲ್ಲಿ ಈ ಕೀಟಗಳನ್ನೊಳಗೊಂಡ ಸಂಪುಟವೊಂದನ್ನು ಹೊರತಂದರು. ಅವರನ್ನೂ ಮೀರಿಸಿದವರು ಅಮೆರಿಕದ ಚಾರ್ಲ್ಸ್ ಪಾಲ್ ಅಲೆಕ್ಸಾಂಡರ್. 1889ರಲ್ಲಿ ಜನಿಸಿ 1981ರಲ್ಲಿ ಕಾಲವಾದ ಈ ವಿದ್ವಾಂಸರೊಬ್ಬರೇ 10,000ಕ್ಕೂ ಮಿಕ್ಕ ಪ್ರಭೇದಗಳನ್ನು ವರ್ಣಿಸಿದರು. ಅವರ ದುಡಿಮೆ 70 ವರ್ಷ ನಡೆಯಿತೆಂದು ಲೆಕ್ಕ ಹಾಕಿದರೂ ಎರಡು ಮೂರು ದಿನಕ್ಕೊಂದು ಹೊಸ ಪ್ರಭೇದವಾಯಿತು! ಭಾರತದಿಂದ ಹೋದ ಅನೇಕ ನೊಣಗಳಿಗೂ ಅವರೇ ನಾಮಕರಣ ಮಾಡಿದರು.

ಬಾಚಣಿಗೆ ಮೀಸೆಯ ನೊಣ

ಯುರೋಪಿನ ಹಳೆಯ ಕಾಡುಗಳಲ್ಲಿ ಟೆನೊಫೋರಾ ಪೆಕ್ಟಿನಿಕಾರ್ನಿಸ್ ಎಂಬ ಪ್ರಭೇದವಿದೆ. ಇದನ್ನು ಮೊದಲು ವರ್ಣಿಸಿದವನೂ ಲಿನೇಯಸನೇ. ಹೆಸರಿನ ಅರ್ಥ ‘ಬಾಚಣಿಗೆಯಂತಹ ಕೊಂಬುಳ್ಳದ್ದು’. ಗಂಡಿನ ಕುಡಿಮೀಸೆಗಳಲ್ಲಿ ಬಾಚಣಿಗೆಯ ಹಲ್ಲುಗಳಂತೆ ಕವಲುಗಳು ಸಾಲಾಗಿ ಮೂಡಿರುವುದೇ ಇದಕ್ಕೆ ಕಾರಣ. ಹೆಣ್ಣನ್ನು ಅದರ ವಾಸನೆಯಿಂದ ಪತ್ತೆಹಚ್ಚಲು ಇಂತಹ ವಿಸ್ತಾರವಾದ ಮೀಸೆ ಅನುಕೂಲ. ಸುಮಾರು ಎರಡು ಸೆಂಟಿಮೀಟರ್ ಉದ್ದದ ದೇಹದ ಮೇಲೆ ಕಪ್ಪು ಹಳದಿ ಬಣ್ಣಗಳು ಎದ್ದು ಕಾಣುತ್ತವೆ. ನೋಡಿದವರಿಗೆ ಕಣಜವೆಂಬ ಭ್ರಮೆ ಹುಟ್ಟುತ್ತದೆ. ಹೆಣ್ಣಿನ ಉದರದ ತುದಿ ಮುಳ್ಳಿನಂತೆ ಚೂಪಾಗಿರುವುದು ಈ ಭ್ರಮೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಆದರೆ ಆ ಮುಳ್ಳು ಕುಟುಕುವುದಕ್ಕಲ್ಲ, ಮೆತ್ತಗಾದ ಮರದೊಳಕ್ಕೆ ಮೊಟ್ಟೆಗಳನ್ನು ಇಳಿಸುವುದಕ್ಕೆ.

ಮೊಟ್ಟೆಯೊಡೆದು ಬರುವ ಡಿಂಭಕ್ಕೆ ಕಾಲಿಲ್ಲ. ಕೊಳವೆಯಂತಹ ಅದರ ಮೈಯ ಮುಂತುದಿಯಲ್ಲಿ ಗಟ್ಟಿ ದವಡೆಗಳಿರುವ ತಲೆಯಿದೆ. ಬೇಕಾದಾಗ ಅದನ್ನು ಎದೆಯೊಳಕ್ಕೆ ಎಳೆದುಕೊಳ್ಳಬಲ್ಲುದು. ಹಿಂತುದಿಯಲ್ಲಿ ಎರಡು ಶ್ವಾಸರಂಧ್ರಗಳಿವೆ. ಒದ್ದೆ ಮರವನ್ನು ಅಗಿದು ತಿನ್ನುತ್ತ, ನಾಲ್ಕು ಹಂತಗಳಲ್ಲಿ ಬೆಳೆಯುತ್ತ, ತಿಂಗಳುಗಟ್ಟಲೆ ಕತ್ತಲಲ್ಲಿಯೇ ಬಾಳುತ್ತದೆ. ಆಮೇಲೆ ಕೋಶಾವಸ್ಥೆ. ಆಗ ಎದೆಯ ಮೇಲೆ ಮೂಡುವ ಎರಡು ಕೊಂಬುಗಳ ಮೂಲಕ ಉಸಿರಾಡುತ್ತದೆ. ಕೊನೆಯಲ್ಲಿ ಮೈಮೇಲಿನ ಮುಳ್ಳುಗಳನ್ನು ಆಸರೆ ಮಾಡಿಕೊಂಡು ಮರದ ಮೇಲ್ಮೈಗೆ ಜರಗಿ, ಅರ್ಧ ಹೊರಚಾಚಿ, ಸಿಪ್ಪೆಯನ್ನೊಡೆದು ನೊಣವಾಗಿ ಹೊರಬೀಳುತ್ತದೆ. ಖಾಲಿಯಾದ ಸಿಪ್ಪೆ ಮರದ ಮೇಲೆ ಗೂಟದಂತೆ ನಿಂತಿರುತ್ತದೆ. ಒಳಗೆ ಯಾರು ವಾಸಿಸಿದ್ದರೆಂಬುದಕ್ಕೆ ಅದೇ ಸಾಕ್ಷಿ.

ಈ ಪಂಗಡ ಯುರೋಪಿಗಷ್ಟೇ ಸೀಮಿತವಲ್ಲ. ಇದರ ಹತ್ತಿರದ ದಾಯಾದಿಯಾದ ಸೆಲಿಯೊಫೋರಾ ಕುಲ ದಕ್ಷಿಣ ಮತ್ತು ಆಗ್ನೇಯ ಏಷ್ಯದಲ್ಲಿ ಹರಡಿದೆ. ಭಾರತದಲ್ಲಿಯೂ ಅದರ ಪ್ರಭೇದಗಳುಂಟು. ಅವುಗಳ ಗಂಡಿಗೂ ಬಾಚಣಿಗೆ ಮೀಸೆ, ಡಿಂಭಕ್ಕೂ ಕೊಳೆತ ಮರವೇ ಮನೆ.

ಮರವನ್ನು ಅರಗಿಸಿಕೊಳ್ಳುವ ಕಷ್ಟ

ಮರ ತಿನ್ನುವುದು ಸುಲಭದ ಮಾತಲ್ಲ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಸೆಲ್ಯುಲೋಸ್. ಅದರ ಎಳೆಗಳನ್ನು ಬಿಗಿಯಾಗಿ ಬೆಸೆದು ನಿಲ್ಲಿಸುವ ಲಿಗ್ನಿನ್ ಎಂಬ ವಸ್ತು ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಇರುತ್ತದೆ. ಕಟ್ಟಡಕ್ಕೆ ಹೋಲಿಸುವುದಾದರೆ ಸೆಲ್ಯುಲೋಸ್ ಕಬ್ಬಿಣದ ಸರಳು, ಲಿಗ್ನಿನ್ ಅದರ ಸುತ್ತಣ ಗಾರೆ. ಈ ಗಾರೆಯನ್ನು ಕರಗಿಸಬಲ್ಲ ಜೀವಿಗಳು ಬಹು ವಿರಳ. ಅವುಗಳಲ್ಲಿ ಮುಖ್ಯವಾದವು ಬಿಳಿಕೊಳೆಯ ಶಿಲೀಂಧ್ರಗಳು. ಇವು ಹೊಕ್ಕ ಮರ ಬಿಳಿಚಿ ನಾರುನಾರಾಗುತ್ತದೆ. ಕಂದುಕೊಳೆಯ ಶಿಲೀಂಧ್ರಗಳಾದರೋ ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತವೆ. ಅಂತಹ ಮರ ಚೌಕ ಚೌಕವಾಗಿ ಬಿರಿದು ಕೈಗೆ ಪುಡಿಯಾಗಿ ಸಿಕ್ಕುತ್ತದೆ.

ಎರಡನೆಯ ಕಷ್ಟ ಸಾರಜನಕದ ಅಭಾವ. ಮಾಂಸಖಂಡವನ್ನು ಕಟ್ಟಲು ಸಾರಜನಕ ಬೇಕು. ಮರದಲ್ಲಿ ಅದು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಹಸಿರೆಲೆಯಲ್ಲಿ ಇರುವುದು ಅದರ ಹತ್ತಿಪ್ಪತ್ತು ಪಟ್ಟು. ಡಿಂಭಕ್ಕೆ ಹೊಟ್ಟೆ ತುಂಬ ಊಟವುಂಟು, ಆದರೆ ಸತ್ತ್ವವಿಲ್ಲ. ಮರದೊಳಗೆ ಹಬ್ಬಿದ ಶಿಲೀಂಧ್ರದ ಎಳೆಗಳೂ ಬ್ಯಾಕ್ಟೀರಿಯಗಳೂ ಮರದ ಜೊತೆಗೆ ಅದರ ಹೊಟ್ಟೆ ಸೇರಿ ಈ ಕೊರತೆಯನ್ನು ತುಂಬುತ್ತವೆ. ಶಿಲೀಂಧ್ರ ಅಡುಗೆ ಮಾಡಿಟ್ಟರೆ ಡಿಂಭ ಉಣ್ಣುತ್ತದೆ. ಡಿಂಭವೂ ಋಣ ಇಟ್ಟುಕೊಳ್ಳುವುದಿಲ್ಲ. ಅದು ಅಗಿದು ಪುಡಿ ಮಾಡಿದ ಮರದಲ್ಲಿ ಗಾಳಿಯೂ ನೀರೂ ಸಲೀಸಾಗಿ ಸೇರುತ್ತವೆ, ಶಿಲೀಂಧ್ರ ಇನ್ನೂ ಒಳಕ್ಕೆ ಹಬ್ಬುತ್ತದೆ. ಮರವು ನೆಲದಿಂದ ವರ್ಷಗಟ್ಟಲೆ ಹೀರಿದ ಸುಣ್ಣ, ಪೊಟ್ಯಾಸಿಯಮ್, ರಂಜಕ ಮೊದಲಾದವು ಹೀಗೆ ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ಮರಳುತ್ತವೆ.

ಈ ವ್ಯವಹಾರಕ್ಕೆಲ್ಲ ಒಂದೇ ಒಂದು ಷರತ್ತು: ಮರ ಒದ್ದೆಯಾಗಿರಬೇಕು. ಒಣಗಿದರೆ ಶಿಲೀಂಧ್ರ ನಿಲ್ಲುತ್ತದೆ, ತೆಳುಚರ್ಮದ ಡಿಂಭ ಸಾಯುತ್ತದೆ.

ಕೆಂಪು ಕಲ್ಲಿನ ಒರತೆ, ಕಪ್ಪು ನೆಲದ ಬಿರುಕು

ಇಲ್ಲಿಯೇ ಬೀದರ ಸೀಮೆ ನಮಗೊಂದು ಒಳ್ಳೆಯ ಪಾಠವಾಗುತ್ತದೆ. ಕರ್ನಾಟಕದ ಉತ್ತರದ ತುದಿಯಲ್ಲಿರುವ ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಹೊಲದ ಬದುವಿನಲ್ಲಿ ಬಿದ್ದ ಜಾಲಿಯ ಕೊಂಬೆ ಆ ಬಿಸಿಲಿನಲ್ಲಿ ಕೊಳೆಯುವುದಿಲ್ಲ, ಒಣಗಿ ಸೀಳುತ್ತದೆ.

ಆದರೆ ಬೀದರ ನಗರದ ಸುತ್ತಣ ನೆಲದ ರಚನೆ ಬೇರೆ. ನಗರ ನಿಂತಿರುವುದು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಂದ ಕೂಡಿದ ಈ ಕೆಂಪು ಕಲ್ಲಿನಲ್ಲಿ ರಂಧ್ರಗಳು ಹೇರಳ. ಮಳೆಯ ನೀರನ್ನು ಅದು ಹೀರಿ ಕೆಳಕ್ಕಿಳಿಸುತ್ತದೆ. ಅದರಡಿಯಲ್ಲಿ ದಖ್ಖನಿನ ಗಟ್ಟಿ ಕಪ್ಪು ಶಿಲೆಯಿದೆ. ನೀರು ಅಲ್ಲಿ ತಡೆಯಲ್ಪಟ್ಟು, ಎರಡು ಶಿಲೆಗಳು ಕೂಡುವೆಡೆಯಲ್ಲಿ ಪಕ್ಕಕ್ಕೆ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ, ಪಾಪನಾಶ ಈ ಪುಣ್ಯಸ್ಥಳಗಳ ನೀರು ಇಂತಹುದೇ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪರ್ಷಿಯದ ಮಾದರಿಯಲ್ಲಿ ನೌಬಾದಿನ ಬಳಿ ಕೊರೆದ ‘ಕರೇಜ್’ ಅಥವಾ ಸುರಂಗ ಬಾವಿಯೂ ಈ ಭೂಗತ ಜಲವನ್ನೇ ಆಶ್ರಯಿಸಿದೆ. ಒರತೆಯ ಬಳಿ ನೆರಳಿನಲ್ಲಿ ಬಿದ್ದ ಮಾವಿನ ಅಥವಾ ಅತ್ತಿಯ ಕಾಂಡ ಚೈತ್ರ ವೈಶಾಖಗಳಲ್ಲಿಯೂ ಒಳಗೆ ತಂಪಾಗಿರಬಲ್ಲುದು. ಕೊಳೆತ ಮರದ ಜೀವಿಗಳನ್ನು ಹುಡುಕುವವರು ಇಂತಹ ಸ್ಥಳಗಳಿಂದಲೇ ಆರಂಭಿಸಬೇಕು.

ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಕಪ್ಪು ಎರೆಮಣ್ಣು ವಿಶೇಷ. ಮಳೆಯಲ್ಲಿ ಅದು ಉಬ್ಬಿ ಅಂಟಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಆಳವಾಗಿ ಬಿರಿಯುತ್ತದೆ. ಅಲ್ಲಿ ವರ್ಷವಿಡೀ ತೇವ ಉಳಿಯುವುದು ಮಾಂಜ್ರಾ ನದಿಯ ದಡದಲ್ಲಿ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಅಂಚಿನಲ್ಲಿ, ಹಳ್ಳಗಳ ಪಕ್ಕದ ಹೊಳೆಮತ್ತಿ ನೇರಳೆಗಳ ಬುಡದಲ್ಲಿ. ಉಳಿದ ವಿಶಾಲ ಬಯಲಿನಲ್ಲಿ ಬಿದ್ದ ಮರವನ್ನು ಮಣ್ಣಿಗೆ ಸೇರಿಸುವವರು ಯಾರು?

ಗೆದ್ದಲಿನ ಉತ್ತರ

ಆ ಕೆಲಸದ ಬಹುಪಾಲು ಗೆದ್ದಲಿನದು. ಉದ್ದಗಾಲು ನೊಣದ ಡಿಂಭ ತೇವವಿರುವಲ್ಲಿಗೆ ಹೋಗಿ ಬಾಳಿದರೆ, ಗೆದ್ದಲು ತೇವವನ್ನೇ ಮರದ ಬಳಿಗೆ ತರುತ್ತದೆ. ಒಣ ಕೊಂಬೆಯ ಮೇಲೆ ಒದ್ದೆ ಮಣ್ಣಿನ ಹೊದಿಕೆ ಕಟ್ಟಿ, ಅದರ ಮರೆಯಲ್ಲಿ ಬಿಸಿಲು ತಾಗದಂತೆ ಕೆಲಸ ಮಾಡುತ್ತದೆ. ನಮ್ಮಲ್ಲಿ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಕುಲದ ಗೆದ್ದಲು ಮರದ ಚೂರುಗಳನ್ನು ನೆಲದೊಳಗಿನ ಗೂಡಿಗೆ ಒಯ್ದು, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೇಸಾಯ ಮಾಡುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುವ ರುಚಿಯಾದ ಅಣಬೆ ಆ ಬೇಸಾಯದ ಹೊರಚಿಹ್ನೆ. ಹುತ್ತಕ್ಕೂ ನೀರಿಗೂ ಸಂಬಂಧವುಂಟೆಂಬುದನ್ನು ನಮ್ಮ ಪೂರ್ವಿಕರೂ ಗಮನಿಸಿದ್ದರು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಸೂಚಿಸುವ ಗುರುತುಗಳಲ್ಲಿ ಹುತ್ತವೂ ಒಂದು.

ನೊಣವಾಗಲಿ ಗೆದ್ದಲಾಗಲಿ ಒಂಟಿಯಾಗಿ ಮರವನ್ನು ಗೆಲ್ಲಲಾರದು. ಎರಡಕ್ಕೂ ಶಿಲೀಂಧ್ರದ ನೆರವು ಬೇಕು ಎಂಬುದನ್ನು ವಾಚಕರು ಗಮನಿಸಬೇಕು. ಒಂದು ಅದನ್ನು ಇದ್ದಲ್ಲಿ ಹುಡುಕಿಕೊಂಡಿತು, ಇನ್ನೊಂದು ಮನೆಯಲ್ಲಿ ಸಾಕಿಕೊಂಡಿತು.

ಮರವಿಲ್ಲದಾಗ

ಯುರೋಪಿನಲ್ಲಿ ಬಹುಕಾಲ ಅರಣ್ಯಾಧಿಕಾರಿಗಳು ಬಿದ್ದ ಮರವನ್ನು ಕೊಳಕೆಂದೂ ರೋಗದ ಮೂಲವೆಂದೂ ಭಾವಿಸಿ ತೆಗೆಸಿಹಾಕುತ್ತಿದ್ದರು. ಹಳೆಯ ಪೊಳ್ಳು ಮರಗಳು ಹೋದಂತೆ ಬಾಚಣಿಗೆ ಮೀಸೆಯ ನೊಣಗಳೂ ಅಪರೂಪವಾದವು. ಇಂದು ಬ್ರಿಟನ್ನಿನಲ್ಲಿ ಈ ಜಾತಿಯ ನೊಣ ಕಂಡರೆ ಅದು ಪುರಾತನ ಕಾಡೆಂಬುದಕ್ಕೆ ಒಂದು ಸೂಚನೆಯೆಂದು ತಜ್ಞರು ಎಣಿಸುತ್ತಾರೆ. ಬಿದ್ದ ಮರವನ್ನು ಬಿದ್ದಲ್ಲಿಯೇ ಬಿಡುವುದು ಅಲ್ಲಿನ ಅನೇಕ ರಕ್ಷಿತಾರಣ್ಯಗಳಲ್ಲಿ ಈಗ ನಿಯಮವೇ ಆಗಿದೆ.

ಅದೇ ನಿಯಮವನ್ನು ನಮ್ಮ ಊರುಗಳಿಗೆ ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲ. ಒಲೆಗೆ ಸೌದೆ ಬೇಕಾದ ಮನೆಯವರಿಗೆ ನೊಣದ ಯೋಗಕ್ಷೇಮವನ್ನು ಬೋಧಿಸುವುದು ಬರಿಯ ಮಾತಾದೀತು. ಆದರೆ ದೇವಸ್ಥಾನದ ತೋಪಿನಲ್ಲಿ, ಕಾಲೇಜಿನ ಆವರಣದಲ್ಲಿ, ಒರತೆಯ ಪಕ್ಕದಲ್ಲಿ ಬಿದ್ದ ಒಂದು ಹಳೆಯ ಕಾಂಡವನ್ನಾದರೂ ಕಸವೆಂದು ಸುಡದೆ ಉಳಿಸಬಹುದಲ್ಲವೇ? ಇನ್ನೂ ದೊಡ್ಡ ಪ್ರಶ್ನೆ ನೀರಿನದು. ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದರೆ ಜಂಬಿಟ್ಟಿಗೆಯ ಒರತೆ ಸೊರಗುತ್ತದೆ. ಒರತೆ ಸೊರಗಿದರೆ ಅದರ ಪಕ್ಕದ ಮರದ ತೇವವೂ, ತೇವವನ್ನು ನಂಬಿದ ಜೀವವೂ ಸೊರಗುತ್ತವೆ. ನಗರಕ್ಕೆ ನೀರಿಲ್ಲವಾಗುವುದೂ ಕೀಟಕ್ಕೆ ಮನೆಯಿಲ್ಲವಾಗುವುದೂ ಒಂದೇ ಕಾರಣದಿಂದ.

ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆ

ಮಳೆ ಹಿಡಿದ ಮೇಲೆ ಒಂದು ಹಿಡಿ ಮೆತ್ತಗಾದ ಮರವನ್ನು ಅಗಲ ಬಾಯಿಯ ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿರಿ. ನೆರಳಿನಲ್ಲಿರಿಸಿ, ಒಣಗದಂತೆ ಆಗಾಗ ನೀರು ಚಿಮುಕಿಸಿ, ಹೊರಬರುವ ಕೀಟಗಳನ್ನು ದಿನಾಂಕದೊಡನೆ ಬರೆದಿಡಿರಿ. ಮರವನ್ನು ಕೈಯಿಂದ ಎತ್ತಬೇಡಿರಿ. ಅಡಿಯಲ್ಲಿ ಚೇಳು ಹಾವುಗಳಿರಬಹುದು, ಕೋಲಿನಿಂದ ಹೊರಳಿಸಿ ನೋಡಿರಿ. ಹೊರಳಿಸಿದ್ದನ್ನು ಮತ್ತೆ ಮೊದಲಿನಂತೆಯೇ ಇಡಿರಿ.

ಇನ್ನೊಂದು ಪರೀಕ್ಷೆಗೆ ಒಂದು ವರ್ಷ ಬೇಕು. ಒಂದೇ ಮಾವಿನ ಕೊಂಬೆಯಿಂದ ಸಮತೂಕದ ಮೂರು ತುಂಡುಗಳನ್ನು ಕೊಯ್ದು ಒಣಗಿಸಿ ತೂಗಿರಿ. ಒಂದನ್ನು ಮಾಳಿಗೆಯ ಬಿಸಿಲಿನಲ್ಲಿ, ಒಂದನ್ನು ಹೊಲದ ಬದುವಿನಲ್ಲಿ, ಒಂದನ್ನು ನೀರಿನಾಸರೆಯ ನೆರಳಿನಲ್ಲಿ ಇಡಿರಿ. ವರ್ಷ ತುಂಬಿದ ಮೇಲೆ ಅಂಟಿದ ಮಣ್ಣನ್ನು ಕೊಡವಿ, ಪುನಃ ಒಣಗಿಸಿ ತೂಗಿ ನೋಡಿರಿ. ಬೀದರಿನ ವಿದ್ಯಾರ್ಥಿಯ ಅಂಕಿಗಳನ್ನು ಭಾಲ್ಕಿಯ ಮತ್ತು ಔರಾದಿನ ವಿದ್ಯಾರ್ಥಿಗಳ ಅಂಕಿಗಳೊಡನೆ ಹೋಲಿಸಿದರೆ ಕೆಂಪು ನೆಲಕ್ಕೂ ಕಪ್ಪು ನೆಲಕ್ಕೂ, ನೊಣಕ್ಕೂ ಗೆದ್ದಲಿಗೂ ಇರುವ ಭೇದ ತಕ್ಕಡಿಯಲ್ಲಿಯೇ ಗೋಚರವಾಗುತ್ತದೆ. ಮೂರು ತುಂಡು ಮರ, ಒಂದು ತಕ್ಕಡಿ, ಒಂದು ವರ್ಷದ ತಾಳ್ಮೆ: ಇಷ್ಟಿದ್ದರೆ ಸಾಕು, ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ನಿಮ್ಮ ಊರಿನ ನೆಲವೇ ನಿಮಗೆ ಹೇಳಿಕೊಡುತ್ತದೆ.